ರಾಜರು ಕೊಳ್ಳದ ರಾಜರಥ

ಹಳೆಯ ಕಾರುಗಳ ಹುಚ್ಚು ಹತ್ತಿದವರು ನಾಲ್ಕು ಜನ ಒಂದೆಡೆ ಸೇರಿದರೆ ಒಂದು ಆಟ ತಪ್ಪದೆ ನಡೆಯುತ್ತದೆ. ‘ಲೋಕದಲ್ಲಿರುವ ಹಳೆಯ ಗಾಡಿಗಳಲ್ಲಿ ಒಂದನ್ನು, ಒಂದೇ ಒಂದನ್ನು ನಿನಗೆ ಕೊಡುವುದಾದರೆ ಯಾವುದು ಬೇಕು?’ ಎಂದು ಒಬ್ಬ ಕೇಳುತ್ತಾನೆ. ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಎಂದು ಒಬ್ಬ, ಮರ್ಸಿಡಿಸ್ ಎಸ್‌ಎಸ್‌ಕೆ ಎಂದು ಇನ್ನೊಬ್ಬ, ಅಮೆರಿಕದ ಡ್ಯೂಸನ್‌ಬರ್ಗ್ ಎಂದು ಮತ್ತೊಬ್ಬ ಹೇಳುತ್ತಾರೆ. ಅಜ್ಜನ ಕಾಲದ ಜಾವಾ ಬೈಕು ಸಿಕ್ಕರೂ ಸಾಕಪ್ಪ ಎನ್ನುವ ಸಾಧು ಸ್ವಭಾವದವನೂ ಇರುತ್ತಾನೆ. ಕೊನೆಗೆ ಮೂಲೆಯಲ್ಲಿ ಸುಮ್ಮನೆ ಕುಳಿತವನೊಬ್ಬ ಮೆಲ್ಲಗೆ ‘ಬುಗಾಟಿ ರೊಯಾಲ್’ ಎಂದುಬಿಟ್ಟರೆ ಆಟ ಅಲ್ಲಿಗೆ ಮುಗಿದಂತೆ. ಅದಕ್ಕಿಂತ ದೊಡ್ಡ ಕನಸು ಮತ್ತೊಂದಿಲ್ಲ.

ಈ ಕಾರು ಇಡೀ ಲೋಕದಲ್ಲಿ ಇರುವುದೇ ಆರು. ರಾಜಮಹಾರಾಜರಿಗೆಂದೇ ಇದನ್ನು ಕಟ್ಟಿದರು; ಆದರೆ ಒಬ್ಬ ರಾಜನೂ ಕೊಳ್ಳಲಿಲ್ಲ. ಒಂದು ಗುಜರಿ ಅಂಗಡಿ ಸೇರಿತು, ಮೂರು ಗೋಡೆಯ ಹಿಂದೆ ಅಡಗಿ ಕುಳಿತವು, ಎರಡು ಒಂದು ಬಟ್ಟೆ ಗಿರಣಿಯೊಳಗೆ ಗುಟ್ಟಾಗಿ ಬಂದಿಯಾದವು. ಒಂದು ವಸ್ತುವನ್ನು ‘ನನ್ನದು’ ಎನ್ನುವ ಆಸೆ ಮನುಷ್ಯನನ್ನು ಎಲ್ಲಿಯವರೆಗೆ ಕರೆದೊಯ್ಯಬಲ್ಲದು ಎಂಬುದಕ್ಕೆ ಈ ಆರು ಕಾರುಗಳ ಕಥೆಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಮೊದಲು ಒಂದು ಮಾತು. ಹಳೆಯದೆಲ್ಲ ‘ವಿಂಟೇಜ್’ ಅಲ್ಲ. ಬ್ರಿಟನ್ನಿನ ಹವ್ಯಾಸಿಗಳ ಲೆಕ್ಕದಲ್ಲಿ ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, ಅಂದರೆ 1919ರಿಂದ 1930ರವರೆಗೆ ತಯಾರಾದ ಕಾರುಗಳು ಮಾತ್ರ ವಿಂಟೇಜ್. ಅದಕ್ಕಿಂತ ಹಿಂದಿನವಕ್ಕೂ ಮುಂದಿನವಕ್ಕೂ ಬೇರೆ ಹೆಸರುಗಳಿವೆ. ರೊಯಾಲ್ ಹುಟ್ಟಿದ್ದು ಈ ಅವಧಿಯೊಳಗೆ, 1926ರಲ್ಲಿ. ಆದರೆ ಗಿರಾಕಿಯ ಮನೆ ಬಾಗಿಲು ಕಂಡದ್ದು 1932ರಲ್ಲಿ. ನಡುವಿನ ಆರು ವರ್ಷಗಳಲ್ಲಿಯೇ ಅದರ ಹಣೆಬರಹ ನಿರ್ಧಾರವಾಗಿತ್ತು.

ಕಲಾವಿದರ ಮನೆಯ ಕಮ್ಮಾರ

ಎತ್ತೋರೆ ಬುಗಾಟಿ ಹುಟ್ಟಿದ್ದು 1881ರಲ್ಲಿ, ಇಟಲಿಯ ಮಿಲಾನ್ ನಗರದಲ್ಲಿ. ತಂದೆ ಕಾರ್ಲೊ ಪೀಠೋಪಕರಣಗಳ ವಿನ್ಯಾಸದಲ್ಲಿ ಯುರೋಪಿನಲ್ಲೆಲ್ಲ ಹೆಸರಾದವನು. ತಮ್ಮನಿಗೆ ಮಹಾನ್ ಚಿತ್ರಕಾರನ ಹೆಸರನ್ನೇ ಇಟ್ಟಿದ್ದರು, ರೆಂಬ್ರಾಂಟ್. ಅವನು ಹೆಸರಿಗೆ ತಕ್ಕಂತೆ ಕಲಾವಿದನೇ ಆದ. ಬೆಲ್ಜಿಯಮ್ಮಿನ ಆಂಟ್‌ವರ್ಪ್ ಮೃಗಾಲಯದಲ್ಲಿ ದಿನಗಟ್ಟಲೆ ಪ್ರಾಣಿಗಳ ಮುಂದೆ ಕುಳಿತು ಕಂಚಿನ ಶಿಲ್ಪಗಳನ್ನು ರೂಪಿಸಿದ. 1916ರಲ್ಲಿ, ಇನ್ನೂ ಮೂವತ್ತೆರಡು ತುಂಬುವ ಮೊದಲೇ, ತೀರಿಕೊಂಡ.

ಕಲೆಯ ಮನೆಯಲ್ಲಿ ಹುಟ್ಟಿದ ಎತ್ತೋರೆ ಯಂತ್ರದ ಕಡೆ ವಾಲಿದ. 1909ರಲ್ಲಿ ಆಲ್ಸೇಸ್ ಸೀಮೆಯ ಮೋಲ್ಸೈಮ್ ಎಂಬ ಸಣ್ಣ ಊರಿನಲ್ಲಿ ಸ್ವಂತ ಕಾರ್ಖಾನೆ ಹೂಡಿದ. ಆಗ ಜರ್ಮನಿಯ ಕೈಯಲ್ಲಿದ್ದ ಆ ಸೀಮೆ ಮೊದಲನೆಯ ಮಹಾಯುದ್ಧದ ನಂತರ ಫ್ರಾನ್ಸಿಗೆ ಸೇರಿತು. 1924ರಲ್ಲಿ ಅಲ್ಲಿಂದ ಹೊರಬಿದ್ದ ‘ಟೈಪ್ 35’ ಎಂಬ ಪುಟ್ಟ ನೀಲಿ ಪಂದ್ಯದ ಕಾರು ಯುರೋಪಿನ ಮೈದಾನಗಳಲ್ಲಿ ಎದುರಿಲ್ಲದಂತೆ ಓಡಿತು. ಸಿಸಿಲಿ ದ್ವೀಪದ ಬೆಟ್ಟದ ದಾರಿಗಳಲ್ಲಿ ನಡೆಯುತ್ತಿದ್ದ ಟಾರ್ಗಾ ಫ್ಲೋರಿಯೊ ಎಂಬ ಕಠಿಣ ಪಂದ್ಯವನ್ನು 1925ರಿಂದ 1929ರವರೆಗೆ ಸತತ ಐದು ವರ್ಷ ಬುಗಾಟಿ ಕಾರುಗಳೇ ಗೆದ್ದವು.

ಅಷ್ಟಾದರೂ ಎತ್ತೋರೆಗೆ ಒಂದು ಕೊರಗು. ಒಮ್ಮೆ ಔತಣವೊಂದರಲ್ಲಿ ಇಂಗ್ಲಿಷ್ ಮಹಿಳೆಯೊಬ್ಬಳು, ವೇಗ ಬೇಕಾದವರು ಬುಗಾಟಿ ಕೊಳ್ಳಬೇಕು, ಶ್ರೇಷ್ಠವಾದದ್ದು ಬೇಕಾದವರು ರೋಲ್ಸ್ ರಾಯ್ಸ್ ಕೊಳ್ಳಬೇಕು ಎಂಬರ್ಥದ ಮಾತಾಡಿದಳಂತೆ. ಆ ಮಾತು ಎದೆಗೆ ನಾಟಿ ರೊಯಾಲ್ ಹುಟ್ಟಿತು ಎಂದು ಕಥೆ ಹೇಳುತ್ತಾರೆ. ಕಥೆ ನಿಜವೋ ಕಟ್ಟಿದ್ದೋ, ಎತ್ತೋರೆಯ ಅಭಿಮಾನ ಎಂಥದೆಂದು ಅದು ಚೆನ್ನಾಗಿಯೇ ತಿಳಿಸುತ್ತದೆ.

ಅಂಬಾಸಡರಿಗಿಂತ ಎಷ್ಟು ದೊಡ್ಡದು?

ಗಾತ್ರವನ್ನು ಅಂಕಿಗಳಲ್ಲಿ ಹೇಳಿದರೆ ಮನಸ್ಸಿಗೆ ಹತ್ತುವುದಿಲ್ಲ. ಅದಕ್ಕೆ ಎಲ್ಲರೂ ಬಲ್ಲ ಅಂಬಾಸಡರ್ ಕಾರನ್ನು ಪಕ್ಕದಲ್ಲಿ ನಿಲ್ಲಿಸಿ ನೋಡಬೇಕು. ಮದುವೆ ದಿಬ್ಬಣದಲ್ಲಿ ಎಂಟು ಹತ್ತು ಜನರನ್ನು ಹೊಟ್ಟೆಯೊಳಗೆ ತುಂಬಿಕೊಳ್ಳುತ್ತಿದ್ದ ಆ ಗಾಡಿಯ ಪೂರ್ಣ ಉದ್ದ, ಮುಂದಿನ ಬಂಪರಿನಿಂದ ಹಿಂದಿನ ಬಂಪರಿನವರೆಗೆ, ಸುಮಾರು 4.3 ಮೀಟರ್. ರೊಯಾಲ್ ಕಾರಿನಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರವೇ 4.3 ಮೀಟರ್! ಇಡೀ ಕಾರಿನ ಉದ್ದ ಸುಮಾರು 6.4 ಮೀಟರ್, ತೂಕ ಮೂರು ಟನ್ನಿನ ಆಸುಪಾಸು.

ಎಂಜಿನ್ನಿನ ಮಾತು ಬೇರೆಯೇ. ಹಳೆಯ ಪೆಟ್ರೋಲ್ ಅಂಬಾಸಡರಿನ ನಾಲ್ಕು ಸಿಲಿಂಡರುಗಳ ಒಟ್ಟು ಗಾತ್ರ 1,489 ಘನ ಸೆಂಟಿಮೀಟರ್. ಅಂದರೆ ಒಂದೂವರೆ ಲೀಟರ್. ರೊಯಾಲ್‌ನದು ಸುಮಾರು 12,760, ಅಂದರೆ ಹನ್ನೆರಡೂಮುಕ್ಕಾಲು ಲೀಟರ್. ಎಂಟು ಸಿಲಿಂಡರುಗಳು ಒಂದರ ಹಿಂದೊಂದು ಸಾಲಾಗಿ ನಿಂತಿದ್ದವು. ಭಾಗಾಕಾರ ಬಲ್ಲ ಮಕ್ಕಳು ಲೆಕ್ಕ ಹಾಕಲಿ: ಇದರ ಒಂದು ಸಿಲಿಂಡರ್ ಅಂಬಾಸಡರಿನ ಇಡೀ ಎಂಜಿನ್ನಿಗಿಂತ ದೊಡ್ಡದು.

ಈ ಎಂಜಿನ್ನಿನಲ್ಲಿ ಬುಗಾಟಿಯ ಇನ್ನೊಂದು ಹಟವೂ ಅಡಗಿತ್ತು. ಸಾಮಾನ್ಯವಾಗಿ ಎಂಜಿನ್ನಿನ ತಲೆಭಾಗವನ್ನು, ಮೆಕ್ಯಾನಿಕ್‌ಗಳು ‘ಹೆಡ್’ ಎನ್ನುವುದನ್ನು, ಬೋಲ್ಟು ಬಿಚ್ಚಿ ತೆಗೆಯಬಹುದು. ವಾಲ್ವುಗಳನ್ನು ಅರೆಯಲು, ಸವೆದ ಭಾಗ ಬದಲಿಸಲು ಅದೇ ದಾರಿ. ಆದರೆ ಎತ್ತೋರೆ ಹೆಡ್ಡು ಮತ್ತು ಸಿಲಿಂಡರ್ ಬ್ಲಾಕು ಎರಡನ್ನೂ ಒಂದೇ ಎರಕದಲ್ಲಿ ಹೊಯ್ಯಿಸುತ್ತಿದ್ದ. ಸೋರುವ ಸಂದಿಯೇ ಇರಬಾರದು, ನೋಡಲು ನಯವಾಗಿರಬೇಕು ಎಂಬುದು ಅವನ ಆಸೆ. ಪರಿಣಾಮವಾಗಿ ಒಂದು ವಾಲ್ವಿಗೆ ಕೈಹಾಕಬೇಕಾದರೂ ಇಡೀ ಎಂಜಿನ್ ಕೆಳಗಿಳಿಸಿ ತಳದಿಂದ ಬಿಚ್ಚಬೇಕಾಗುತ್ತಿತ್ತು. ಚೆಲುವಿಗೆ ಎತ್ತೋರೆ ಮನಸೋತ. ಬೆವರು ಸುರಿಸಿದವನು ಮೆಕ್ಯಾನಿಕ್.

ರೇಡಿಯೇಟರಿನ ಮೂತಿಯ ಮೇಲೆ ಒಂದು ಬೆಳ್ಳಿಯ ಆನೆ. ಹಿಂಗಾಲುಗಳ ಮೇಲೆ ನೆಟ್ಟಗೆ ನಿಂತು ಸೊಂಡಿಲೆತ್ತಿದ ಆನೆ. ಅದು ತೀರಿಹೋದ ತಮ್ಮ ರೆಂಬ್ರಾಂಟ್ ಮಾಡಿದ ಶಿಲ್ಪದ ಅಚ್ಚು. ಲೋಕದ ಅತಿ ಅದ್ದೂರಿಯ ಕಾರಿನ ತುದಿಯಲ್ಲಿ ಅಣ್ಣ ತನ್ನ ತಮ್ಮನ ನೆನಪನ್ನು ಕೂರಿಸಿದ್ದ.

ಕೊಳ್ಳುವವರೇ ಇಲ್ಲ

ಇಪ್ಪತ್ತೈದು ಕಾರುಗಳನ್ನು ಮಾಡಬೇಕೆಂಬುದು ಎತ್ತೋರೆಯ ಎಣಿಕೆ. ದೇಹವಿಲ್ಲದ, ಬರಿಯ ಚಾಸಿಯ ಬೆಲೆಯೇ ಸುಮಾರು ಮೂವತ್ತು ಸಾವಿರ ಡಾಲರ್. ಮೇಲಿನ ದೇಹವನ್ನು ಗಿರಾಕಿ ತನಗೆ ಬೇಕಾದ ಕಡೆ ಬೇರೆ ಹಣ ಕೊಟ್ಟು ಕಟ್ಟಿಸಿಕೊಳ್ಳಬೇಕು. ಅದೇ ದಶಕದಲ್ಲಿ ಅಮೆರಿಕದಲ್ಲಿ ಹೆನ್ರಿ ಫೋರ್ಡನ ‘ಮಾಡೆಲ್ ಟಿ’ ಕಾರಿನ ಅತಿ ಅಗ್ಗದ ಮಾದರಿ 300 ಡಾಲರಿಗೂ ಕಡಿಮೆ ಬೆಲೆಗೆ ಸಿಗುತ್ತಿತ್ತು. ಅಂದರೆ ಒಂದು ರೊಯಾಲ್ ಚಾಸಿಯ ಬೆಲೆಗೆ ನೂರು ಫೋರ್ಡ್ ಕಾರುಗಳು!

ಸ್ಪೇನಿನ ದೊರೆ ಹದಿಮೂರನೆಯ ಅಲ್ಫೊನ್ಸೊ ಮೊದಲ ಗಿರಾಕಿಯಾಗುತ್ತಾನೆಂಬ ನಿರೀಕ್ಷೆ ಇತ್ತು. ಕಾರು ತಲುಪುವ ಮೊದಲೇ, 1931ರಲ್ಲಿ ಅವನೇ ಸಿಂಹಾಸನ ಬಿಟ್ಟು ದೇಶ ತೊರೆಯಬೇಕಾಯಿತು. ಅಲ್ಬೇನಿಯಾದ ರಾಜ ಕೊಳ್ಳಲು ಬಂದಾಗ ಅವನು ಊಟ ಮಾಡುವ ರೀತಿ ಹಿಡಿಸದೆ ಎತ್ತೋರೆ ಕಾರು ಕೊಡಲೊಪ್ಪಲಿಲ್ಲವೆಂಬ ಕಥೆಯೂ ಇದೆ. ಆದರೆ ನಿಜವಾದ ಕಾರಣ ಬೇರೆ. 1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಅದರ ಹಿಂದೆಯೇ ಬಂದ ಮಹಾ ಆರ್ಥಿಕ ಮುಗ್ಗಟ್ಟಿನಲ್ಲಿ ಸಿರಿವಂತರೂ ಕೈ ಬಿಗಿಹಿಡಿದರು.

ಕೊನೆಗೆ ಹೊರಗಿನವರಿಗೆ ಮಾರಾಟವಾದದ್ದು ಬರೇ ಮೂರು. ಕೊಂಡವರಲ್ಲಿ ಒಬ್ಬರೂ ಕಿರೀಟಧಾರಿಗಳಲ್ಲ. ಒಬ್ಬ ಸಿದ್ಧ ಉಡುಪುಗಳ ಫ್ರೆಂಚ್ ಉದ್ಯಮಿ ಅರ್ಮಾಂ ಎಸ್ದೇರ್. ಇನ್ನೊಬ್ಬ ಜರ್ಮನಿಯ ನ್ಯೂರೆಂಬರ್ಗಿನ ವೈದ್ಯ ಜೋಸೆಫ್ ಫುಕ್ಸ್. ಮೂರನೆಯವನು ಇಂಗ್ಲೆಂಡಿನ ಕ್ಯಾಪ್ಟನ್ ಫಾಸ್ಟರ್. ಎಸ್ದೇರ್‌ನ ಕಾರಿನ ದೇಹವನ್ನು ರೂಪಿಸಿದವನು ಎತ್ತೋರೆಯ ಮಗ ಜಾನ್. ಆಗ ಅವನಿಗೆ ಇಪ್ಪತ್ತಮೂರರ ಆಸುಪಾಸು. ರಾತ್ರಿ ಹೊತ್ತು ಕಾರು ಓಡಿಸುವುದಿಲ್ಲ ಎಂದು ಎಸ್ದೇರ್ ಹೇಳಿದ್ದರಿಂದ ಅದಕ್ಕೆ ದೀಪಗಳನ್ನೇ ಇಡಲಿಲ್ಲ. ಆರೂ ಕಾಲು ಮೀಟರಿಗೆ ಮೀರಿದ ಉದ್ದ, ಇಬ್ಬರಿಗಷ್ಟೇ ಸೀಟು, ದೀಪವಿಲ್ಲ! ಉಪಯೋಗದ ದೃಷ್ಟಿಯಿಂದ ಹುಚ್ಚು. ಚೆಲುವಿನ ದೃಷ್ಟಿಯಿಂದ ಇವತ್ತಿಗೂ ನೋಡಿದವರ ಉಸಿರು ನಿಲ್ಲಿಸುವಂಥದು.

ಉಳಿದ ಮೂರು ಕಾರುಗಳು ಬುಗಾಟಿ ಕುಟುಂಬದಲ್ಲೇ ಉಳಿದವು.

ಹಳಿಯ ಮೇಲೆ ಮರುಜನ್ಮ

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತಾರೆ. ಬುಗಾಟಿಯ ಆನೆಯ ವಿಷಯದಲ್ಲಿ ಗಾದೆ ಅಕ್ಷರಶಃ ನಿಜವಾಯಿತು. ಕಾರುಗಳು ಮಾರಾಟವಾಗದೆ ಎಂಜಿನ್ನುಗಳು ಕಾರ್ಖಾನೆಯಲ್ಲಿ ದೂಳು ತಿನ್ನುತ್ತಿದ್ದ ಹೊತ್ತಿಗೆ ಫ್ರಾನ್ಸಿನ ರೈಲ್ವೆಯವರು ವೇಗದ, ಹಗುರಾದ ರೈಲುಬಂಡಿಗಳನ್ನು ಹುಡುಕುತ್ತಿದ್ದರು. ಬುಗಾಟಿ ತನ್ನ ಎಂಜಿನ್ನುಗಳನ್ನು ಒಂದೊಂದು ಬಂಡಿಗೆ ಎರಡರಂತೆಯೋ ನಾಲ್ಕರಂತೆಯೋ ಜೋಡಿಸಿ ರೈಲುಕಾರುಗಳನ್ನು ಕಟ್ಟಿಕೊಟ್ಟ. ಚಾಲಕನಿಗೆ ಬಂಡಿಯ ನಡುಭಾಗದಲ್ಲಿ, ಛಾವಣಿಯ ಮೇಲೆ ಎದ್ದು ನಿಂತ ಪುಟ್ಟ ಗೂಡು. ಅಲ್ಲಿಂದ ಅವನು ಎರಡೂ ದಿಕ್ಕು ನೋಡಬಹುದಿತ್ತು.

1933ರಲ್ಲಿ ಇವು ಓಡತೊಡಗಿದವು. ಪ್ಯಾರಿಸಿನಿಂದ ಕಡಲತೀರದ ದೋವಿಲ್ ಪಟ್ಟಣಕ್ಕೆ ಪ್ರಯಾಣಿಕರನ್ನು ಕರೆದೊಯ್ದವು. ಪರೀಕ್ಷಾ ಓಟಗಳಲ್ಲಿ ಗಂಟೆಗೆ 170 ಕಿಲೋಮೀಟರಿಗೂ ಹೆಚ್ಚಿನ ವೇಗ ಮುಟ್ಟಿದವು. ಇವುಗಳ ಸೇವೆ 1950ರ ದಶಕದವರೆಗೂ ನಡೆಯಿತು. ಕಾರ್ಖಾನೆಯನ್ನು ಮುಳುಗದಂತೆ ಹಿಡಿದು ನಿಲ್ಲಿಸಿದ್ದು ಈ ರೈಲುಬಂಡಿಗಳೇ.

ಇಲ್ಲಿರುವ ಸ್ವಾರಸ್ಯವನ್ನು ಗಮನಿಸಬೇಕು. ರಾಜನೊಬ್ಬನನ್ನು ಹೊರಲೆಂದು ಹುಟ್ಟಿದ ಎಂಜಿನ್, ಟಿಕೆಟ್ ಕೊಂಡು ಹತ್ತಿದ ಯಾರನ್ನಾದರೂ ಹೊತ್ತು ತಿರುಗಿತು. ಅರಮನೆಯಲ್ಲಿ ಬಿಳಿಯಾನೆಯಾಗಬೇಕಿದ್ದದ್ದು ಹಳಿಯ ಮೇಲೆ ದುಡಿಯುವ ಆನೆಯಾಯಿತು. ಯಂತ್ರದಲ್ಲಿ ದೋಷವಿರಲಿಲ್ಲ, ಅದನ್ನು ಯಾರಿಗಾಗಿ ಮಾಡುತ್ತಿದ್ದೇವೆಂಬ ಲೆಕ್ಕ ತಪ್ಪಿತ್ತು, ಅಷ್ಟೆ.

ಆದರೆ ಬುಗಾಟಿ ಮನೆತನಕ್ಕೆ ಮುಂದೆ ಒಳ್ಳೆಯ ದಿನಗಳು ಬರಲಿಲ್ಲ. 1936ರಲ್ಲಿ ಫ್ರಾನ್ಸಿನಾದ್ಯಂತ ಎದ್ದ ಮುಷ್ಕರದ ಅಲೆ ಮೋಲ್ಸೈಮಿಗೂ ಬಡಿಯಿತು. ತನ್ನ ಕೆಲಸಗಾರರನ್ನು ತಂದೆಯಂತೆ ನೋಡಿಕೊಳ್ಳುತ್ತಿದ್ದೇನೆ ಎಂದು ನಂಬಿದ್ದ ಎತ್ತೋರೆಗೆ ಅದು ಸಹಿಸಲಾರದ ಪೆಟ್ಟಾಯಿತು. ಮನನೊಂದು ಪ್ಯಾರಿಸಿಗೆ ಹೊರಟುಹೋದ. ಕಾರ್ಖಾನೆಯ ಹೊಣೆ ಮಗ ಜಾನ್ ಹೆಗಲಿಗೆ ಬಿತ್ತು. 1939ರ ಆಗಸ್ಟ್ 11ರಂದು, ಆ ವರ್ಷದ ಲ ಮಾನ್ ಪಂದ್ಯ ಗೆದ್ದಿದ್ದ ಕಾರನ್ನು ಮೋಲ್ಸೈಮ್ ಹತ್ತಿರದ ರಸ್ತೆಯಲ್ಲಿ ಪರೀಕ್ಷಿಸುತ್ತಿದ್ದಾಗ ಒಬ್ಬ ಸೈಕಲ್ ಸವಾರ ಅಡ್ಡ ಬಂದ. ಅವನನ್ನು ಉಳಿಸಲು ಜಾನ್ ಕಾರನ್ನು ತಿರುಗಿಸಿದ; ಮರಕ್ಕೆ ಬಡಿದು ಪ್ರಾಣ ಬಿಟ್ಟ. ಮೂವತ್ತೇ ವರ್ಷ. ಮರುತಿಂಗಳು ಎರಡನೆಯ ಮಹಾಯುದ್ಧ ಆರಂಭವಾಯಿತು. ಎತ್ತೋರೆ 1947ರಲ್ಲಿ ಕಣ್ಮುಚ್ಚಿದ.

ಗುಜರಿಯಲ್ಲಿ ಸಿಕ್ಕ ಮಾಣಿಕ್ಯ

ಯುದ್ಧಕಾಲದಲ್ಲಿ ಕುಟುಂಬದ ಬಳಿಯಿದ್ದ ಮೂರು ರೊಯಾಲ್‌ಗಳು ಜರ್ಮನ್ ಸೈನ್ಯದ ಕಣ್ಣಿಗೆ ಬೀಳದಂತೆ, ಪ್ಯಾರಿಸ್ ಹತ್ತಿರದ ಎರ್ಮನೊನ್‌ವಿಲ್ ಎಂಬಲ್ಲಿದ್ದ ಮನೆಯಲ್ಲಿ, ಇಟ್ಟಿಗೆ ಗೋಡೆ ಕಟ್ಟಿ ಅದರ ಹಿಂದೆ ಬಚ್ಚಿಟ್ಟರು. ಯುದ್ಧ ಮುಗಿದ ಮೇಲೆ ಗೋಡೆ ಒಡೆದು ಹೊರತೆಗೆದರು.

ವೈದ್ಯ ಫುಕ್ಸ್‌ನ ಕಾರಿನದು ಇದಕ್ಕಿಂತ ದೊಡ್ಡ ಸಾಹಸ. ಹಿಟ್ಲರನ ಜರ್ಮನಿಯನ್ನು ಬಿಟ್ಟು ಹೊರಟ ವೈದ್ಯನ ಜೊತೆ ಕಾರೂ ಚೀನಾದ ಶಾಂಘಾಯ್ ಸೇರಿತು, ಅಲ್ಲಿಂದ ನ್ಯೂಯಾರ್ಕಿಗೆ ಬಂತು. ಅಲ್ಲಿನ ಒಂದು ಚಳಿಗಾಲದಲ್ಲಿ ರೇಡಿಯೇಟರಿನ ನೀರು ಹೆಪ್ಪುಗಟ್ಟಿತು. ನೀರು ಮಂಜುಗಡ್ಡೆಯಾದಾಗ ಅದರ ಗಾತ್ರ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ ಎಂಬುದು ಶಾಲೆಯ ಪಾಠ. ಆ ಹಿಗ್ಗುವ ಬಲಕ್ಕೆ ಎರಕದ ಕಬ್ಬಿಣವೂ ಎದುರು ನಿಲ್ಲದು. ಲೋಕದ ಅತಿ ದುಬಾರಿ ಎಂಜಿನ್ನಿನ ಬ್ಲಾಕು ಬಿರುಕು ಬಿಟ್ಟಿತು. ರಿಪೇರಿ ಮಾಡಿಸುವವರಿಲ್ಲದೆ ಕಾರು ಗುಜರಿ ಸೇರಿತು.

ಅಲ್ಲಿ ಅದನ್ನು ಗುರುತಿಸಿದವನು ಜನರಲ್ ಮೋಟಾರ್ಸ್ ಸಂಸ್ಥೆಯ ಎಂಜಿನಿಯರ್ ಚಾರ್ಲ್ಸ್ ಚೇಯ್ನ್. 1940ರ ದಶಕದಲ್ಲಿ ಅವನು ಅದನ್ನು ಕೊಂಡದ್ದು ಬರೇ ಕೆಲವು ನೂರು ಡಾಲರಿಗೆ, ಹೆಚ್ಚುಕಡಿಮೆ ಗುಜರಿ ಬೆಲೆಗೆ. ಬಿಡುವಿನಲ್ಲಿ ತಾಳ್ಮೆಯಿಂದ ಅದನ್ನು ಬಿಚ್ಚಿ, ಬಿರುಕು ಮುಚ್ಚಿ, ಮತ್ತೆ ಓಡುವಂತೆ ಮಾಡಿದ. ಹತ್ತಾರು ವರ್ಷ ಅದರ ಸುಖ ಉಂಡು, 1950ರ ದಶಕದ ಕೊನೆಗೆ ಹೆಂಡತಿಯೂ ಅವನೂ ಸೇರಿ ಅದನ್ನು ಡೆಟ್ರಾಯಿಟ್ ಬಳಿಯ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯಕ್ಕೆ ದಾನ ಕೊಟ್ಟುಬಿಟ್ಟರು. ಅದು ಇಂದಿಗೂ ಅಲ್ಲಿದೆ. ಶಾಲಾಮಕ್ಕಳು ಹತ್ತಿರ ನಿಂತು ನೋಡುತ್ತಾರೆ.

ಇದು ಕನಸನ್ನು ಕೈಗೆತ್ತಿಕೊಂಡ ಒಬ್ಬನ ರೀತಿ. ಇನ್ನೊಂದು ರೀತಿಯೂ ಇತ್ತು.

ಬೀಗ ಹಾಕಿದ ಗಿರಣಿ

ಮೋಲ್ಸೈಮಿನಿಂದ ದಕ್ಷಿಣಕ್ಕೆ, ಅದೇ ಆಲ್ಸೇಸ್ ಸೀಮೆಯಲ್ಲಿ, ಮುಲೂಸ್ ಎಂಬ ನಗರವಿದೆ. ಬಟ್ಟೆ ಗಿರಣಿಗಳಿಗೆ ಹೆಸರಾದ ಊರು. ಅಲ್ಲಿ ಹಾನ್ಸ್ ಮತ್ತು ಫ್ರಿಟ್ಸ್ ಶ್ಲುಂಪ್ಫ್ ಎಂಬ ಅಣ್ಣತಮ್ಮಂದಿರು. ಸ್ವಿಸ್ ತಂದೆಯನ್ನು ಎಳೆಯ ವಯಸ್ಸಿನಲ್ಲೇ ಕಳೆದುಕೊಂಡು ತಾಯಿಯ ಆಸರೆಯಲ್ಲಿ ಬೆಳೆದವರು. ಉಣ್ಣೆಯ ವ್ಯಾಪಾರದಿಂದ ಆರಂಭಿಸಿ ಒಂದೊಂದಾಗಿ ನೂಲಿನ ಗಿರಣಿಗಳನ್ನು ಕೊಂಡರು. ಯುದ್ಧದ ನಂತರದ ವರ್ಷಗಳಲ್ಲಿ ಕೋಟ್ಯಧಿಪತಿಗಳಾದರು.

ತಮ್ಮ ಫ್ರಿಟ್ಸ್‌ಗೆ ಚಿಕ್ಕಂದಿನಿಂದಲೂ ಬುಗಾಟಿಯ ಕನಸು. ಕೈಯಲ್ಲಿ ಹಣ ಓಡಾಡತೊಡಗಿದ ಮೇಲೆ, 1960ರ ದಶಕದಲ್ಲಿ, ಅವನು ಬುಗಾಟಿಗಳನ್ನು ಹುಡುಕಿ ಹುಡುಕಿ ಕೊಳ್ಳತೊಡಗಿದ. ಬುಗಾಟಿ ಮಾಲೀಕರ ಪಟ್ಟಿ ಸಂಪಾದಿಸಿ ಊರೂರಿಗೆ ಪತ್ರ ಬರೆದ. ಮೋಲ್ಸೈಮ್ ಕಾರ್ಖಾನೆಯಿಂದಲೇ ಎತ್ತೋರೆಯ ಸ್ವಂತದ ರೊಯಾಲ್ ಅವನ ಕೈಗೆ ಬಂತು. 1964ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಜಾನ್ ಶೇಕ್ಸ್‌ಪಿಯರ್ ಎಂಬ ಸಂಗ್ರಾಹಕನಿಂದ ಒಂದೇ ಏಟಿಗೆ ಮೂವತ್ತು ಬುಗಾಟಿಗಳನ್ನು ಕೊಂಡ. ಅವೆಲ್ಲ ತೆರೆದ ರೈಲು ವ್ಯಾಗನ್ನುಗಳಲ್ಲಿ ಸಾಲಾಗಿ ಹೊರಟವು. ಕ್ಯಾಪ್ಟನ್ ಫಾಸ್ಟರ್‌ನ ರೊಯಾಲ್ ಆ ಸಾಲಿನಲ್ಲಿತ್ತು.

ಮುಲೂಸ್‌ನ ಒಂದು ಹಳೆಯ ಗಿರಣಿಯನ್ನು ಕಾರುಗಳ ಮನೆಯಾಗಿ ಮಾರ್ಪಡಿಸಿದರು. ಒಳಗೆ ಜಲ್ಲಿ ಹಾಸಿದ ದಾರಿಗಳು. ಪ್ಯಾರಿಸಿನ ಮೂರನೆಯ ಅಲೆಕ್ಸಾಂಡರ್ ಸೇತುವೆಯ ದೀಪಕಂಬಗಳ ಮಾದರಿಯಲ್ಲೇ ಮಾಡಿಸಿದ ನೂರಾರು ದೀಪಕಂಬಗಳು. ನುರಿತ ಬಡಗಿಗಳು, ಚರ್ಮದ ಕೆಲಸದವರು, ಮೆಕ್ಯಾನಿಕ್‌ಗಳು ವರ್ಷಗಟ್ಟಲೆ ದುಡಿದರು. ಅವರಿಗೆಲ್ಲ ಬಾಯಿ ಬಿಡಬಾರದೆಂಬ ಕಟ್ಟಪ್ಪಣೆ. ಹೊರಗಿನವರು ಒಳಗೆ ಕಾಲಿಡುವಂತಿರಲಿಲ್ಲ. ನೂರಕ್ಕೂ ಹೆಚ್ಚು ಬುಗಾಟಿಗಳು ಸೇರಿ ನಾನೂರಕ್ಕೂ ಮಿಕ್ಕಿದ ಕಾರುಗಳು ಬಾಗಿಲು ಹಾಕಿದ ಆ ಗಿರಣಿಯಲ್ಲಿ ನಿಂತವು. ಇಡೀ ಸಂಗ್ರಹವನ್ನು ಅಣ್ಣತಮ್ಮಂದಿರು ತಾಯಿ ಜಾನ್‌ಳ ನೆನಪಿಗೆ ಅರ್ಪಿಸಿದ್ದರು. ಮುಂದೊಂದು ದಿನ ಸಾರ್ವಜನಿಕರಿಗೆ ತೆರೆಯುವ ಮಾತಿತ್ತು. ಆ ದಿನ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು.

ಬೀಗ ಒಡೆದ ದಿನ

1970ರ ದಶಕದಲ್ಲಿ ಯುರೋಪಿನ ಬಟ್ಟೆ ಉದ್ಯಮಕ್ಕೆ ಗ್ರಹಣ ಹಿಡಿಯಿತು. ಹೊರದೇಶಗಳ ಅಗ್ಗದ ಬಟ್ಟೆಯ ಮುಂದೆ ಹಳೆಯ ಗಿರಣಿಗಳು ನಿಲ್ಲಲಾರದೆ ಹೋದವು. 1976ರಲ್ಲಿ ಶ್ಲುಂಪ್ಫ್ ಗಿರಣಿಗಳೂ ನಿಂತವು. ಕೆಲಸಗಾರರು ಬೀದಿಗಿಳಿದರು. ಅಣ್ಣತಮ್ಮಂದಿರು ಗಡಿ ದಾಟಿ ಸ್ವಿಟ್ಸರ್ಲೆಂಡಿನ ಬಾಸೆಲ್ ಸೇರಿಕೊಂಡರು.

1977ರ ಮಾರ್ಚಿಯಲ್ಲಿ ಕಾರ್ಮಿಕ ಸಂಘದವರು ಮುಲೂಸ್‌ನ ಆ ಬೀಗ ಹಾಕಿದ ಗಿರಣಿಯೊಳಗೆ ನುಗ್ಗಿದರು. ಒಳಗೆ ದೀಪಕಂಬಗಳ ಸಾಲು, ಅದರ ಕೆಳಗೆ ಹೊಳೆಯುವ ಕಾರುಗಳ ಸಾಲು. ಸಂಬಳವಿಲ್ಲದೆ ನಿಂತ ಮನುಷ್ಯನಿಗೆ ಆ ನೋಟ ಹೇಗೆ ಕಂಡಿರಬೇಕು! ವರ್ಷಗಟ್ಟಲೆ ನೂಲು ತೆಗೆದ ತಮ್ಮ ಬೆವರು ಎಲ್ಲಿಗೆ ಹರಿದಿತ್ತು ಎಂಬುದಕ್ಕೆ ಉತ್ತರ ಕಣ್ಣೆದುರು ಸಾಲುಗಟ್ಟಿ ನಿಂತಿತ್ತು.

ಸಿಟ್ಟಿನಲ್ಲಿ ಎಲ್ಲವನ್ನೂ ಪುಡಿ ಮಾಡಿದ್ದರೆ ಆಶ್ಚರ್ಯವಿರಲಿಲ್ಲ. ಆದರೆ ಅವರು ಹಾಗೆ ಮಾಡಲಿಲ್ಲ. ಜಾಗವನ್ನು ವಶಕ್ಕೆ ತೆಗೆದುಕೊಂಡು ‘ಕಾರ್ಮಿಕರ ಕಾರ್ಖಾನೆ’ ಎಂಬ ಹೆಸರಿಟ್ಟು ಬಾಗಿಲು ತೆರೆದರು. ಎರಡು ವರ್ಷ ಸರದಿಯ ಮೇಲೆ ಕಾವಲು ಕಾದರು. ಲಕ್ಷಾಂತರ ಜನ ಬಂದು ನೋಡಿ ಹೋದರು. ತಮ್ಮ ಕಷ್ಟಕ್ಕೆ ಕಾರಣವೆಂದು ತಾವೇ ನಂಬಿದ್ದ ಕಾರುಗಳನ್ನು ಆ ಕೆಲಸಗಾರರು ಕಾಪಾಡಿ ಉಳಿಸಿದರು.

ಈ ಕಥೆಗೆ ಇನ್ನೊಂದು ಮಗ್ಗುಲೂ ಇದೆ ಎನ್ನುವವರಿದ್ದಾರೆ. ಗಿರಣಿಗಳು ಮುಳುಗಿದ್ದು ಕಾರುಗಳಿಂದಲ್ಲ, ಕಾಲದಿಂದ. ಶ್ಲುಂಪ್ಫ್ ಸೋದರರು ಕೊಳ್ಳದಿದ್ದರೆ ಆ ಬುಗಾಟಿಗಳಲ್ಲಿ ಎಷ್ಟೋ ಗುಜರಿ ಸೇರುತ್ತಿದ್ದವು ಎಂಬುದು ಅವರ ವಾದ. ಅದರಲ್ಲಿ ಸತ್ಯವಿಲ್ಲದಿಲ್ಲ. ಆದರೆ ಉಳಿಸುವುದು ಬೇರೆ, ಬಚ್ಚಿಡುವುದು ಬೇರೆ. ಅದೂ ಅಲ್ಲದೆ, ದುಡಿದವನ ಮನೆಯ ಒಲೆ ಆರಿರುವಾಗ ದೀಪಕಂಬಗಳ ಸಾಲನ್ನು ಚೆಲುವೆಂದು ಒಪ್ಪುವುದು ಯಾರಿಗೂ ಸುಲಭವಲ್ಲ.

1978ರಲ್ಲಿ ಫ್ರಾನ್ಸ್ ಸರ್ಕಾರ ಈ ಸಂಗ್ರಹವನ್ನು ಐತಿಹಾಸಿಕ ಸ್ಮಾರಕವೆಂದು ಘೋಷಿಸಿತು. ಇದರಿಂದ ಕಾರುಗಳು ಹರಿದು ಹಂಚಿಹೋಗುವುದು ತಪ್ಪಿತು. ಸ್ಥಳೀಯ ಸಂಸ್ಥೆಗಳು ಒಟ್ಟಾಗಿ ಅದನ್ನು ಕೊಂಡವು. 1982ರಲ್ಲಿ ಅದು ಸಾರ್ವಜನಿಕ ವಸ್ತುಸಂಗ್ರಹಾಲಯವಾಯಿತು. ಎರಡು ರೊಯಾಲ್‌ಗಳು ಈಗ ಅಲ್ಲಿವೆ. ಅದೇ ಊರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಬುಗಾಟಿಯ ರೈಲುಕಾರೂ ಒಂದಿದೆ. ರಾಜನಿಗೆಂದು ಮಾಡಿದ್ದು ಒಂದು ಕಡೆ, ಜನರನ್ನು ಹೊತ್ತದ್ದು ಇನ್ನೊಂದು ಕಡೆ. ಎಂಜಿನ್ನಿನ ವಂಶ ಒಂದೇ. ಬೆಳೆಯುತ್ತಿರುವ ಮಕ್ಕಳನ್ನು ಒಂದೇ ದಿನ ಎರಡೂ ಕಡೆ ಕರೆದೊಯ್ಯಬಹುದಾದ ಅಪರೂಪದ ಊರು ಅದು. ಫ್ರಿಟ್ಸ್ ಶ್ಲುಂಪ್ಫ್ 1992ರಲ್ಲಿ ಬಾಸೆಲ್‌ನಲ್ಲಿ ತೀರಿಕೊಂಡ. ತಾನು ಕಟ್ಟಿದ ಕನಸಿನ ಮನೆ ಅಲ್ಲಿಂದ ಒಂದು ಗಂಟೆಯ ದಾರಿಯೂ ಅಲ್ಲ. ಆದರೆ ಅದರ ಬೀಗದ ಕೈ ಅವನ ಕೈ ಬಿಟ್ಟು ಎಷ್ಟೋ ಕಾಲವಾಗಿತ್ತು.

ಕನಸು ಯಾರ ಸ್ವತ್ತು?

1985ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿ ಆರೂ ರೊಯಾಲ್‌ಗಳನ್ನು ಒಂದೇ ಹುಲ್ಲುಹಾಸಿನ ಮೇಲೆ ಕೂಡಿಸಿದರು. ಅದುವರೆಗೆ ಅವು ಒಂದೆಡೆ ಸೇರಿದ್ದೇ ಇಲ್ಲ. 1987ರಲ್ಲಿ ಆರರಲ್ಲಿ ಒಂದು ಲಂಡನ್ನಿನ ಹರಾಜಿನಲ್ಲಿ 55 ಲಕ್ಷ ಪೌಂಡಿಗೆ ಮಾರಾಟವಾಗಿ ಆಗಿನ ಮಟ್ಟಿಗೆ ದಾಖಲೆ ಬರೆಯಿತು. ಹೊಚ್ಚ ಹೊಸದಾಗಿದ್ದಾಗ ಯಾರಿಗೂ ಬೇಡವಾಗಿದ್ದ ಕಾರು ಅದು!

ಹರಾಜಿನ ಅಂಕಿಗಳು ಆಮೇಲೆ ಎಲ್ಲಿಂದೆಲ್ಲಿಗೋ ಏರಿವೆ. 2022ರ ಮೇ ತಿಂಗಳಲ್ಲಿ ಮರ್ಸಿಡಿಸ್ ಸಂಸ್ಥೆ ತನ್ನ ಬಳಿಯಿದ್ದ 1955ರ ‘300 ಎಸ್‌ಎಲ್‌ಆರ್’ ಕೂಪೆಯನ್ನು 13 ಕೋಟಿ 50 ಲಕ್ಷ ಯೂರೋಗಳಿಗೆ ಮಾರಿತು. ಆ ಮಾದರಿಯಲ್ಲಿ ಮಾಡಿದ್ದೇ ಎರಡು. ಇನ್ನೊಂದು ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲೇ ಉಳಿಯಿತು. ಮಾರಿದ ಹಣವನ್ನು ವಿದ್ಯಾರ್ಥಿವೇತನದ ನಿಧಿಯೊಂದಕ್ಕೆ ಮೂಲಧನವಾಗಿ ಇಟ್ಟರು. ಪರಿಸರ ವಿಜ್ಞಾನದಂಥ ವಿಷಯಗಳನ್ನು ಓದುವ ಯುವಜನರಿಗೆ ಅದರಿಂದ ನೆರವು. ಪೆಟ್ರೋಲ್ ಕುಡಿದು ಹೊಗೆ ಬಿಟ್ಟ ಹಳೆಯ ಕಾರೊಂದು ಗಾಳಿಯನ್ನು ಶುಚಿಗೊಳಿಸುವ ಓದಿಗೆ ದುಡ್ಡಾಗುವುದು, ಬುಗಾಟಿಯ ಎಂಜಿನ್ ರೈಲಿಗೆ ಹೋದಂತೆಯೇ ಒಂದು ಒಳ್ಳೆಯ ತಿರುವು.

ಮಗನ ಕೋಣೆಯ ಗೋಡೆಯ ಮೇಲೆ, ಮಗಳ ನೋಟ್‌ಬುಕ್ಕಿನ ರಟ್ಟಿನ ಮೇಲೆ ಹಳೆಯ ಕಾರಿನ ಚಿತ್ರ ಕಂಡರೆ ‘ಇದೆಲ್ಲ ನಮ್ಮಂಥವರಿಗೆ ಎಲ್ಲಿಯದು’ ಎಂದು ತಂದೆ ತಾಯಿ ನಿಟ್ಟುಸಿರು ಬಿಡುವ ಅಗತ್ಯವಿಲ್ಲ. ರೊಯಾಲ್ ಕಾರನ್ನು ಎಲ್ಲರಿಗಿಂತ ಹೆಚ್ಚು ಅನುಭವಿಸಿದವನು ಬಹುಶಃ ಅದನ್ನು ಗುಜರಿಯಲ್ಲಿ ಗುರುತಿಸಿದ ಚೇಯ್ನ್. ಅವನ ಬಳಿ ಇದ್ದದ್ದು ಹಣಕ್ಕಿಂತ ಹೆಚ್ಚಾಗಿ ತಿಳಿವಳಿಕೆ. ಬಿರುಕು ಬಿಟ್ಟ ಬ್ಲಾಕನ್ನು ನೋಡಿ ಬೇರೆಯವರು ತೂಕದ ಲೆಕ್ಕ ಹಾಕುತ್ತಿದ್ದಾಗ ಅವನಿಗೆ ಅದು ಏನೆಂದು ಗೊತ್ತಿತ್ತು.

ಆ ತಿಳಿವಳಿಕೆ ಸಂಪಾದಿಸಲು ಫ್ರಾನ್ಸಿಗೆ ಹೋಗಬೇಕಾಗಿಲ್ಲ. ಧರ್ಮಸ್ಥಳಕ್ಕೆ ಶಾಲಾ ಪ್ರವಾಸ ಹೋದವರು ಅಲ್ಲಿನ ಹಳೆಯ ಕಾರುಗಳ ಸಂಗ್ರಹವನ್ನು ಓಡುತ್ತ ನೋಡದೆ ಒಂದು ಗಾಡಿಯ ಮುಂದೆ ಹತ್ತು ನಿಮಿಷ ನಿಲ್ಲಬಹುದು. ರೇಡಿಯೇಟರ್ ಎಲ್ಲಿದೆ, ಬ್ರೇಕು ಎಷ್ಟು ಚಕ್ರಗಳಿಗಿದೆ, ಬಾಗಿಲಿನ ಚೌಕಟ್ಟು ಮರದ್ದೋ ತಗಡಿನದೋ ಎಂದು ಗಮನಿಸಬಹುದು. ಊರಿನ ಗ್ಯಾರೇಜಿನಲ್ಲಿ ಕೈಯೆಲ್ಲ ಗ್ರೀಸು ಮಾಡಿಕೊಂಡ ಹಿರಿಯ ಮೆಕ್ಯಾನಿಕ್ಕನ್ನು ಮರ್ಯಾದೆಯಿಂದ ಕೇಳಿದರೆ, ಪುಸ್ತಕದಲ್ಲಿಲ್ಲದ ಎಷ್ಟೋ ಸಂಗತಿ ಹೇಳಿಯಾನು.

ರಾಜರಿಗೆಂದು ಕಟ್ಟಿದ ಆರು ಕಾರುಗಳನ್ನು ರಾಜರು ಕೊಳ್ಳಲಿಲ್ಲ. ಕೊಂಡವರೂ ಒಬ್ಬೊಬ್ಬರಾಗಿ ಹೋದರು. ಸೊಂಡಿಲೆತ್ತಿದ ಆನೆ ಮಾತ್ರ ಹಾಗೆಯೇ ನಿಂತಿದೆ. ಮುಲೂಸ್‌ನಲ್ಲಿ ಟಿಕೆಟ್ ಕೊಂಡು ಒಳಗೆ ಬಂದ ಯಾರಿಗಾದರೂ, ಅವರು ನೋಡುವಷ್ಟು ಹೊತ್ತು, ಅದು ಅವರದೇ.